ದಿನಕ್ಕೆ ನೂರಿಪ್ಪತ್ತು ಜನ

ಜನವರಿ 11

ಪ್ರೀತಿಯ ಪಿಟೀಲು,

ನಿನ್ನ ಫೋನು ಬಂದ ಸಂಜೆಯಿಂದ ನಿಮ್ಮಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಿಕ್ಕ ಸಿಕ್ಕವರನ್ನೆಲ್ಲ ತಡೆದು, "ನಮ್ಮ ಮರಳದಾರಿಗೆ ಸರ್ಕಾರದ ಯೋಜನೆ ಬರೀತಿರೋದು ಯಾರು ಗೊತ್ತಾ? ನನ್ನ ತಂಗಿ!" ಅಂತ ಹೇಳಿದ್ದೇ ಹೇಳಿದ್ದು. ಕ್ಷೌರದಂಗಡಿಯವನಿಗೆ ಎರಡು ಸಲ ಹೇಳಿದರಂತೆ. ಕತ್ತಿ ಕೈಯಲ್ಲಿ ಹಿಡಿದು ಅವನು ಎರಡು ಸಲವೂ ಪೂರ್ತಿ ಕೇಳಿದನಂತೆ, ಪುಣ್ಯಾತ್ಮ.

ಫೋನಿನಲ್ಲಿ ನಾನು ಏನೂ ಮಾತಾಡುವ ಹಾಗಿಲ್ಲ. ಅವರು ಪಕ್ಕದಲ್ಲೇ ಕೂತು "ಏನಂದ್ಲು, ಏನಂದ್ಲು" ಎಂದು ತೋಳು ಜಗ್ಗುತ್ತಾರೆ. ಅದಕ್ಕೇ ನಮ್ಮ ಹಳೆಯ ಅಭ್ಯಾಸದಂತೆ ಕಾಗದ. ನಾನು ಈ ಮನೆಗೆ ಬಂದಾಗ ನಿನಗೆ ಎಂಟು ವರ್ಷ. ಬೆಳಿಗ್ಗೆ ಎದ್ದರೆ ಅಳು, ಉಂಡರೆ ಅಳು, ಉಣ್ಣದಿದ್ದರೆ ಇನ್ನೂ ದೊಡ್ಡ ಅಳು. ಪಿಟೀಲು ಎಂದು ಹೆಸರಿಟ್ಟವಳೇ ನಾನು. ಆ ಪಿಟೀಲು ಈಗ ರಾಜಧಾನಿಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ನಮ್ಮ ಸಮುದ್ರಕ್ಕೇ ಕಾಯಿದೆ ಬರೆಯುತ್ತಾಳೆ ಎಂದರೆ ನನಗೂ ಒಳಗೊಳಗೇ ಜಂಬ.

ಇಲ್ಲಿಯದು ಕೇಳು. ಇಳಿತದ ಹೊತ್ತಿಗೆ ನೀರು ಸರಿದು ದಡದಿಂದ ನಡುಗಡ್ಡೆಯವರೆಗೆ ಒಂದೂವರೆ ಮೈಲಿ ಮರಳು ತೆರೆದುಕೊಳ್ಳುತ್ತದಲ್ಲ, ನೀನಿದ್ದಾಗ ರಜೆಯ ದಿನವೂ ಅಲ್ಲಿ ಐವತ್ತು ಜನ ನಡೆದರೆ ಹೆಚ್ಚು. ಈಗ ಬಸ್ಸುಗಳೇ ಇಪ್ಪತ್ತು. ಹೋದ ತಿಂಗಳು ಯಾರೋ ಕಾರನ್ನೇ ಮರಳಿಗಿಳಿಸಿ, ಅದು ಬಾಗಿಲವರೆಗೆ ಹೂತು, ಮೂರು ದಿನ ಅಲ್ಲೇ ಕೊಳೆಯಿತು. ನಡುಗಡ್ಡೆಯಲ್ಲಿ ಹಕ್ಕಿಗಳು ನೆಲದ ಮೇಲೇ ಮೊಟ್ಟೆಯಿಡುತ್ತವೆ ಎನ್ನುವುದು ಬಂದವರಿಗೆ ಗೊತ್ತಿಲ್ಲ. ಹೇಳಿದರೆ ಕೇಳುವುದಿಲ್ಲ. ನಿಮ್ಮಣ್ಣ ಒಂದು ಸಂಜೆ ತುಳಿದ ಮೊಟ್ಟೆಗಳ ಚಿಪ್ಪನ್ನು ಟೋಪಿಯಲ್ಲಿ ತುಂಬಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದರು. ಊಟ ಮಾಡಲಿಲ್ಲ.

ಅವರು ನಿನಗೆ ಬರೆಯಲು ಹೇಳಿದ್ದು ಇಷ್ಟು. ದಿನಕ್ಕೆ ನೂರಿಪ್ಪತ್ತು ಜನ, ಅದಕ್ಕಿಂತ ಒಬ್ಬರೂ ಹೆಚ್ಚಿಗೆ ಬೇಡ. ಆರು ಗೈಡುಗಳು, ಒಬ್ಬೊಬ್ಬರಿಗೆ ಇಪ್ಪತ್ತು. ಯಾಕೆ ಇಪ್ಪತ್ತು ಎಂದು ನಾನೇ ಕೇಳಿದೆ. "ಆ ಗಾಳೀಲಿ ನನ್ನ ಕೂಗು ಇಪ್ಪತ್ತನೇ ಮನುಷ್ಯನ ತನಕ ಮುಟ್ಟುತ್ತೆ. ಇಪ್ಪತ್ತೊಂದನೆಯವನು ನನ್ನ ಮುಖ ನೋಡ್ತಾನೆ, ಮಾತು ಕೇಳಲ್ಲ" ಅಂದರು. ಇಪ್ಪತ್ತೆರಡು ವರ್ಷ ಅಲ್ಲಿ ಗೈಡಾಗಿ ನಡೆದವರು, ಸುಮ್ಮನೆ ಹೇಳುವುದಿಲ್ಲ. ಇನ್ನೊಂದು: ಅಮಾವಾಸ್ಯೆಗೆ ಮೂರು ದಿನ, ಹುಣ್ಣಿಮೆಗೆ ಮೂರು ದಿನ ದಾರಿ ಮುಚ್ಚಬೇಕು. ಆಗ ನೀರು ನಡೆದು ಬರುವುದಿಲ್ಲ, ಓಡಿ ಬರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತಿಗೆ


ಫೆಬ್ರವರಿ 2

ಅತ್ತಿಗೆ,

ನಿಮ್ಮ ಕಾಗದವನ್ನು ಫೈಲಿನೊಳಗೇ ಇಟ್ಟುಕೊಂಡಿದ್ದೇನೆ. ಇಪ್ಪತ್ತನೇ ಮನುಷ್ಯನ ಮಾತನ್ನು ಸಭೆಯಲ್ಲಿ ಹಾಗೆಯೇ ಹೇಳಿದೆ. ನಮ್ಮ ನಿರ್ದೇಶಕರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಇದು ಯಾವ ತಜ್ಞರ ವರದೀಲಿದೆ?" ಅಂದರು. "ನಮ್ಮಣ್ಣನ ವರದೀಲಿ ಸರ್" ಅಂದೆ. ಎಲ್ಲರೂ ನಕ್ಕರು, ಆದರೆ ಬರೆದುಕೊಂಡರು. ನಾನು ನೋಡಿದೆ.

ಕರಡು ಮುಗಿದಿದೆ. ದಿನಕ್ಕೆ ನೂರಿಪ್ಪತ್ತು. ತಿಂಗಳಿಗೆ ಆರು ದಿನ ದಾರಿ ಬಂದ್. ಹಕ್ಕಿ ಮೊಟ್ಟೆಯಿಡುವ ಎರಡು ತಿಂಗಳು ನಡುಗಡ್ಡೆಯ ಉತ್ತರ ಭಾಗಕ್ಕೆ ಯಾರೂ ಕಾಲಿಡುವಂತಿಲ್ಲ. ವಾಹನ ಮರಳಿಗೆ ಇಳಿಯುವಂತಿಲ್ಲ. ಗೈಡುಗಳಿಗೆ ಪರವಾನಗಿ. ಹದಿನಾಲ್ಕನೇ ನಿಯಮ ಮಾತ್ರ ಪೂರ್ತಿ ಅಣ್ಣನದು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮರಳಲ್ಲಿ ನಡೆಯುತ್ತ ಹೇಳುತ್ತಿದ್ದನಲ್ಲ, "ಕರಕೊಂಡು ಹೋದವನೇ ವಾಪಸ್ ಕರಕೊಂಡು ಬರಬೇಕು" ಅಂತ. ಅದನ್ನೇ ಕಚೇರಿಯ ಭಾಷೆಗೆ ತಂದೆ: 'ಗುಂಪಿನ ಪ್ರತಿಯೊಬ್ಬರ ಸುರಕ್ಷಿತ ವಾಪಸಾತಿಗೆ ಆಯಾ ಮಾರ್ಗದರ್ಶಿಯೇ ಹೊಣೆ.' ಅದೊಂದನ್ನು ಬೇರೆಯವರಿಗೆ ಕೊಡದೆ ನಾನೇ ಟೈಪು ಮಾಡಿದೆ.

ಯೋಜನೆಯ ಹೆಸರು 'ಸುಸ್ಥಿರ ಪ್ರವಾಸೋದ್ಯಮ'. ಹಾಗೆಂದರೇನು ಎಂದು ಅಣ್ಣ ಕೇಳಿದರೆ, ಇವತ್ತು ಬಂದ ಹಕ್ಕಿ ಮುಂದಿನ ವರ್ಷವೂ ಬರೋದು ಅಂತ ಹೇಳಿ.

ನನ್ನ ಕೋಣೆಯ ಕಿಟಕಿಯಿಂದ ಎದುರಿನ ಗೋಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೂ ಈ ತಿಂಗಳೆಲ್ಲ ಸಮುದ್ರದ ಪಕ್ಕದಲ್ಲೇ ಕೂತಿದ್ದ ಹಾಗಿತ್ತು.

ನಿಮ್ಮ ಪಿಟೀಲು


ಮಾರ್ಚ್ 9

ಪ್ರೀತಿಯ ಪಿಟೀಲು,

ಶಾಲೆಯ ಹಾಲಿನಲ್ಲಿ ಸಭೆ ಆಯಿತು. ನಿನ್ನ ಕರಡನ್ನು ಓದಿದರು. ನೂರಿಪ್ಪತ್ತು ಎಂಬ ಮಾತು ಬಂದದ್ದೇ ತಡ, ಕುರ್ಚಿ ಎಳೆದಾಡುವ ಸದ್ದು. ವಸತಿಗೃಹದ ಮಾಲೀಕ ಎದ್ದು ನಿಂತು, "ಹೊಸ ಮಹಡಿಯ ನಲವತ್ತು ರೂಮಿನಲ್ಲಿ ನಾನು ಹಕ್ಕಿ ಮಲಗಿಸ್ಲಾ?" ಎಂದ. ಎಲ್ಲರೂ ಚಪ್ಪಾಳೆ. ಐಸ್‌ಕ್ರೀಮಿನವನೂ ಚಪ್ಪಾಳೆ, ಟ್ಯಾಕ್ಸಿಯವರೂ ಚಪ್ಪಾಳೆ. ಅವರನ್ನೂ ಬಯ್ಯಲಾರೆ, ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಆಮೇಲೆ ನಿಮ್ಮಣ್ಣ ಎದ್ದರು. ಮನೆಯಲ್ಲಿ ಉಪ್ಪು ಕೇಳುವುದಕ್ಕೂ ನಾಲ್ಕು ಸಲ ಯೋಚಿಸುವ ಮನುಷ್ಯ. "ನಾನು ಹೋಟೆಲ್ ಕಟ್ಟಿಲ್ಲ, ನಿಜ. ಆದ್ರೆ ನಿಮ್ಮ ಹೋಟೆಲಿಗೆ ಬಂದವರನ್ನ ಇಪ್ಪತ್ತೆರಡು ವರ್ಷ ಕರಕೊಂಡು ಹೋಗಿ ಕರಕೊಂಡು ಬಂದಿದೀನಿ. ಒಬ್ಬರನ್ನೂ ಕಳಕೊಂಡಿಲ್ಲ. ಇದನ್ನ ಬರೆದಿರೋಳು ನನ್ನ ತಂಗಿ. ಅವಳು ಹಿಂದೆ ಸರಿಯಲ್ಲ" ಎಂದು ಕೂತರು. ನಾನು ಅವರ ಕೈ ಹಿಡಿದುಕೊಂಡೆ.

ಊರು ಸ್ವಲ್ಪ ಮುನಿಸಿಕೊಂಡಿದೆ. ಆಗುವಂಥದ್ದೇ. ಮೊನ್ನೆ ಅಡುಗೆಮನೆಯ ಕಿಟಕಿ ಗಾಜು ಒಡೆಯಿತು, ಗಾಳಿಗೆ. ನೀನು ತಲೆಕೆಡಿಸಿಕೊಳ್ಳಬೇಡ, ಗಟ್ಟಿಯಾಗಿ ನಿಲ್ಲು.

ನಿನ್ನ ಅತ್ತಿಗೆ


ಏಪ್ರಿಲ್ 20

ಅತ್ತಿಗೆ,

ತಡವಾಯಿತು, ಕೆಲಸ ಮೈಮೇಲೆ ಬಿದ್ದಿದೆ. ಯೋಜನೆಗೆ ಮಂಜೂರಾತಿ ಸಿಕ್ಕಿದೆ. ಕೆಲವು ಸಣ್ಣ ತಿದ್ದುಪಡಿಗಳಾಗಿವೆ, ಇಂಥದ್ದರಲ್ಲಿ ಅದು ಇದ್ದದ್ದೇ. ಹಕ್ಕಿಗಳ ವಿಷಯ ಪೂರ್ತಿ ಉಳಿಯಿತು, ವಾಹನದ ವಿಷಯವೂ ಉಳಿಯಿತು.

ನನಗೆ ಬಡ್ತಿಯಾಗಿದೆ. ಮೂರನೇ ಮಹಡಿಗೆ ಹೋಗಿದ್ದೇನೆ. ಇಲ್ಲಿಂದ ಒಂದು ಮರ ಕಾಣುತ್ತದೆ.

ಅಣ್ಣನಿಗೆ ಪರವಾನಗಿ ಅರ್ಜಿ ಬೇಗ ಹಾಕಲು ಹೇಳಿ.

ಪಿಟೀಲು


ಮೇ 6

ಪ್ರೀತಿಯ ಪಿಟೀಲು,

ಬಡ್ತಿಯ ಸುದ್ದಿ ಕೇಳಿ ನಿಮ್ಮಣ್ಣ ಅವತ್ತು ಗುಂಪಿನವರಿಗೆಲ್ಲ ಚಹಾ ಕುಡಿಸಿದರು.

ಒಂದು ಸಣ್ಣ ವಿಷಯ. ಪುರಸಭೆಯ ಫಲಕಕ್ಕೆ ಆದೇಶ ಅಂಟಿಸಿದ್ದಾರೆ. ಅದರಲ್ಲಿ 'ದಿನವೊಂದಕ್ಕೆ 1200 ಸಂದರ್ಶಕರು' ಎಂದಿದೆ. ನಿಮ್ಮಣ್ಣ ಓದಿ ನಕ್ಕುಬಿಟ್ಟರು. "ಸೊನ್ನೆ ಒಂದು ಜಾಸ್ತಿ ಬಿದ್ದಿದೆ ಕಣೇ, ಅಚ್ಚಿನವರ ಕೆಲಸ" ಎಂದು ಹೇಳಿ, ಜೇಬಿನಿಂದ ಪೆನ್ನು ತೆಗೆದು ಆ ಸೊನ್ನೆಯನ್ನು ಹೊಡೆದುಹಾಕಲು ಹೋದರು. ಜವಾನ ತಡೆದ. ಅಲ್ಲಿದ್ದವರಿಗೆಲ್ಲ ನಗು. ಇವರು ಮಾತ್ರ "ನನ್ನ ತಂಗಿ ಸರಿಮಾಡಿಸ್ತಾಳೆ, ನೋಡ್ತಿರಿ" ಎಂದು ಹೇಳಿಯೇ ಬಂದದ್ದು.

ಮುಚ್ಚುವ ದಿನಗಳ ಸಾಲು ನನಗೆ ಎಲ್ಲೂ ಕಾಣಲಿಲ್ಲ. ಒಬ್ಬೊಬ್ಬರಿಗೆ ಇಪ್ಪತ್ತು ಎಂಬುದೂ ಇಲ್ಲ, 'ಗುಂಪಿಗೊಬ್ಬ ಮಾರ್ಗದರ್ಶಿ' ಎಂದಷ್ಟೇ ಇದೆ. ಹದಿನಾಲ್ಕನೆಯದು ಮಾತ್ರ ಇದ್ದಂತೆಯೇ ಇದೆ.

ಅಚ್ಚಿನ ತಪ್ಪು ಹೌದೋ ಅಲ್ಲವೋ, ಒಂದು ಸಾಲು ಬರೆ.

ನಿನ್ನ ಅತ್ತಿಗೆ


ಮೇ 19

ಅತ್ತಿಗೆ,

ತಿದ್ದುಪಡಿ ಮಾಡಿಸುತ್ತಿದ್ದೇನೆ ಎಂದು ಅಣ್ಣನಿಗೆ ಹೇಳಿ. ಇಂಥವು ಒಂದೇ ದಿನಕ್ಕೆ ಆಗುವುದಿಲ್ಲ, ಮೇಜಿನಿಂದ ಮೇಜಿಗೆ ಹೋಗಿಬರಬೇಕು. ವರ್ಷ ತುಂಬಿದ ಮೇಲೆ ಹೇಗೂ ಮರುಪರಿಶೀಲನೆ ಇದೆ. ಅಲ್ಲಿಯವರೆಗೆ ಸ್ವಲ್ಪ ಸುಧಾರಿಸಿಕೊಂಡು ಹೋಗಲಿ.

ಸದ್ಯಕ್ಕೆ ಫೋನು ಬೇಡ, ಸಭೆಗಳಲ್ಲಿರುತ್ತೇನೆ.

ಪಿಟೀಲು


ಆಗಸ್ಟ್ 30

ಪಿಟೀಲು,

ಪತ್ರಿಕೆಯಲ್ಲಿ ನೋಡಿರುತ್ತೀಯ. ಅದರಲ್ಲಿ ಹೆಸರು ಬಿಟ್ಟರೆ ಸರಿಯಾದದ್ದು ಬೇರೇನೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಪ್ಪತ್ತನಾಲ್ಕನೇ ತಾರೀಖು. ಮೂರು ದಿನ ಒಟ್ಟಿಗೆ ರಜೆ. ಹುಣ್ಣಿಮೆಯ ಮಾರನೇ ದಿನ. ಬೆಳಿಗ್ಗೆ ಎದ್ದು ನೀರು ನೋಡಿ ಬಂದವರು, "ಇವತ್ತು ಬೇಡ" ಎಂದು ಚಪ್ಪಲಿ ಬಿಟ್ಟು ಒಳಗೆ ಕೂತರು. ಹನ್ನೊಂದರ ಹೊತ್ತಿಗೆ ದಡದಲ್ಲಿ ಸಾವಿರಕ್ಕೂ ಮೇಲೆ ಜನ. ಪ್ರವೇಶದ ಚೀಟಿ ಕೊಟ್ಟಾಗಿದೆ, ತಡೆಯುವವರು ಯಾರೂ ಇಲ್ಲ. ಕೆಲವರು ತಾವಾಗಿಯೇ ಇಳಿಯತೊಡಗಿದರು. ಇವರು ಎದ್ದರು. "ಬೇಡ ಅಂದ್ರಲ್ಲ" ಅಂದೆ. "ನಾನು ಹೋಗದಿದ್ರೆ ಅವರೇ ಹೋಗ್ತಾರೆ ಕಣೇ" ಎಂದು ನೀರಿನ ಆಳ ನೋಡುವ ಬಿದಿರಿನ ಗಳ ತೆಗೆದುಕೊಂಡು ಹೊರಟರು.

ಅವರ ಹಿಂದೆ ಇನ್ನೂರರ ಹತ್ತಿರ ಜನ. ನಡುಗಡ್ಡೆಯಲ್ಲಿ ಅರ್ಧ ಗಂಟೆಯೂ ಬಿಡದೆ ಎಲ್ಲರನ್ನೂ ಹೊರಡಿಸಿದ್ದಾರೆ. ಸಾಲು ಎಷ್ಟು ಉದ್ದವಿತ್ತೆಂದರೆ ಮುಂದಿನವರು ದಡ ಮುಟ್ಟುವಾಗ ಹಿಂದಿನವರು ಇನ್ನೂ ನಡುದಾರಿಯಲ್ಲಿದ್ದರು. ದಾರಿಯ ಮಧ್ಯದ ತಗ್ಗಾದ ಕೊರಕಲಿಗೆ ನೀರು ನುಗ್ಗಿತು. ಆಚೆ ನಾಲ್ಕು ಜನ ಉಳಿದರು. ಇವರು ತಿರುಗಿ ಓಡಿದರು. ಇಬ್ಬರು ಹುಡುಗಿಯರನ್ನು ಒಂದು ಸಲಕ್ಕೆ ತಂದರು, ಒಬ್ಬ ಗಂಡಸನ್ನು ಇನ್ನೊಂದು ಸಲಕ್ಕೆ. ಕೊನೆಯವರು ನಿವೃತ್ತ ಅಂಚೆಯವರು, ಅರವತ್ತೈದು ವರ್ಷವಂತೆ. ಮೂರನೇ ಸಲ ಹೋದಾಗ ನೀರು ಎದೆಗೆ ಬಂದಿತ್ತು. ಅವರು ಸಿಕ್ಕಿದರು, ಕೈಗೆ ನಿಲ್ಲಲಿಲ್ಲ.

ಆ ಅಂಚೆಯವರ ಹೆಂಡತಿ ಅಷ್ಟು ದೂರ ನಡೆಯಲಾರೆನೆಂದು ನಮ್ಮ ಜಗಲಿಯ ಮೇಲೆ ಕೂತಿದ್ದರು, ಪಿಟೀಲು. ನಾನೇ ನೀರು ಕೊಟ್ಟು ಕೂರಿಸಿದ್ದೆ. "ನನ್ನ ಪಾಲಿನದೂ ನೋಡಿ, ಫೋಟೊ ಹೊಡಕೊಂಡು ಬರ್ತಾರೆ" ಎಂದು ನಗುತ್ತ ಹೇಳಿದ್ದರು.

ಮೂರನೇ ದಿನ ದೇಹ ಸಿಕ್ಕಿತು. ನಿಮ್ಮಣ್ಣ ಮಾತಾಡುತ್ತಿಲ್ಲ. ಹತ್ತನೇ ತಾರೀಖಿನೊಳಗೆ ವಿಚಾರಣೆಯಂತೆ. ನೀನು ಒಂದು ಸಲ ಬಂದು ಹೋದರೆ ಒಳ್ಳೆಯದು.

ಅತ್ತಿಗೆ


ಸೆಪ್ಟೆಂಬರ್ 12

ಅತ್ತಿಗೆ,

ವಿಚಾರಣೆಯ ಹೇಳಿಕೆಯ ಪ್ರತಿ ನಮ್ಮ ಕಚೇರಿಗೆ ಬಂತು. ಮೂರು ಸಲ ಓದಿದೆ. 'ಅಂದಾಜು ತಪ್ಪಿದ್ದು ನಾನು. ಬೇರೆ ಯಾರದೂ ತಪ್ಪಿಲ್ಲ' ಎಂದು ಅಣ್ಣನೇ ಬರೆದು ಸಹಿ ಹಾಕಿದ್ದಾನೆ.

ನನಗೆ ಅರ್ಥವಾಗುತ್ತಿಲ್ಲ. ಹುಣ್ಣಿಮೆಯ ಮಾರನೇ ದಿನ ನೀರು ಹೇಗೆ ಬರುತ್ತದೆಂದು ನನಗೆ ಕಲಿಸಿದವನೇ ಅವನು. ಇನ್ನೂರು ಜನರನ್ನು ಹೇಗೆ ಕರೆದೊಯ್ದ? ಜನ ಹೆಚ್ಚಿದಷ್ಟೂ ಗೈಡುಗಳಿಗೆ ಗಿಟ್ಟುತ್ತದೆ ಎಂದು ಇಲ್ಲಿ ಆಡಿಕೊಳ್ಳುತ್ತಿದ್ದಾರೆ. ಇಲ್ಲ ಎಂದು ಹೇಳಲು ನನ್ನ ಬಳಿ ಏನೂ ಉಳಿಯಲಿಲ್ಲ. ಅಣ್ಣನೂ ಆಸೆಗೆ ಬಿದ್ದನೇ, ಅತ್ತಿಗೆ? ಹಾಗಿದ್ದರೆ ಹೇಳಿಬಿಡಿ, ನಾನು ತಡೆದುಕೊಳ್ಳುತ್ತೇನೆ.

ಬರಲಾಗುತ್ತಿಲ್ಲ. ಮನೆಯವರ ಪ್ರಕರಣವಾದ್ದರಿಂದ ದೂರವಿರಬೇಕೆಂದು ಮೇಲಿನವರ ಸೂಚನೆ.

ನಿಮ್ಮ ನಾದಿನಿ


ಸೆಪ್ಟೆಂಬರ್ 20

ನಾದಿನಿಗೆ,

ಆಸೆಗೆ ಬಿದ್ದರೇ ಎಂದು ಕೇಳಿದ್ದೀಯ. ಆ ಕಾಗದವನ್ನು ಅವರಿಗೆ ಓದಿ ಹೇಳಲಿಲ್ಲ. ನಿನ್ನಿಂದ ಏನಾದರೂ ಬಂತಾ ಎಂದು ಕಣ್ಣಲ್ಲೇ ಕೇಳಿದರು, ಬಂದಿಲ್ಲ ಎಂದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ನಾನು ಹೇಳಿದ ಮೊದಲನೇ ಸುಳ್ಳು ಅದು. ಹೇಳಿಸಿದವಳು ನೀನು.

ಈಗ ನಾನು ಮುಚ್ಚಿಟ್ಟದ್ದನ್ನೂ ಕೇಳು. ಮಾರ್ಚಿನಲ್ಲಿ ಕಿಟಕಿ ಒಡೆದದ್ದು ಗಾಳಿಗಲ್ಲ, ಕಲ್ಲಿಗೆ. ಅವರ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿತ್ತು. ನಿನ್ನ ಧೈರ್ಯ ಕುಂದಬಾರದೆಂದು ಬರೆಯಬೇಡ ಅಂದರು. ಜೂನಿನಿಂದ ಆಗಸ್ಟಿನವರೆಗೆ ಜಿಲ್ಲಾ ಕಚೇರಿಗೆ ಮೂರು ಅರ್ಜಿ ಕೊಟ್ಟರು. ಬರೆದವಳು ನಾನು, ಹೇಳಿ ಬರೆಸಿದವರು ಅವರು. 'ಈ ಸಂಖ್ಯೆ ಮುಂದುವರಿದರೆ ಜೀವ ಹೋಗುತ್ತದೆ' ಎಂದು ಮೂರರಲ್ಲೂ ಇತ್ತು. ಕಚೇರಿಯ ಮೊಹರು ಬಿದ್ದ ಪ್ರತಿಗಳು ನಮ್ಮಲ್ಲಿದ್ದವು. ವಿಚಾರಣೆಯ ದಿನ ಬೆಳಿಗ್ಗೆ ಅವನ್ನು ತೆಗೆದು ಒಲೆಗೆ ಹಾಕಿದರು. ನಾನು ಕೈ ಹಾಕಿದೆ, ತಡೆದರು. ಎಷ್ಟೋ ದಿನದ ಮೇಲೆ ಅವತ್ತು ಬಾಯಿ ಬಿಟ್ಟದ್ದು. "ಇದನ್ನ ತೋರಿಸಿದ್ರೆ, ನೂರಿಪ್ಪತ್ತನ್ನ ಸಾವಿರದ ಇನ್ನೂರು ಮಾಡಿದ್ದು ಯಾರು ಅಂತ ಕೇಳ್ತಾರೆ. ಸಹಿ ಯಾರದು ಅಂತ ನೋಡ್ತಾರೆ" ಅಂದರು.

ಹೌದು. ಅವರಿಗೆ ಗೊತ್ತಿತ್ತು. ಜುಲೈಯಲ್ಲಿ ಜಿಲ್ಲಾ ಕಚೇರಿಯ ಗುಮಾಸ್ತ ಮೂಲ ಆದೇಶವನ್ನೇ ತೆಗೆದು ತೋರಿಸಿದ್ದನಂತೆ. ನಿನ್ನ ಸಹಿ ಗುರುತಿಸಲು ಅವರಿಗೆ ಎಷ್ಟು ಹೊತ್ತು ಬೇಕು, ಅಕ್ಷರ ತಿದ್ದಿಸಿದವರೇ ಅವರು. ಮನೆಗೆ ಬಂದು ನನಗೂ ಹೇಳಲಿಲ್ಲ. ಬೀದಿಯಲ್ಲಿ ಕೇಳಿದವರಿಗೆ, "ತಂಗಿ ಸರಿಮಾಡಿಸ್ತಿದಾಳೆ" ಎನ್ನುವುದನ್ನು ಬಿಡಲೂ ಇಲ್ಲ.

ಪರವಾನಗಿ ಕಿತ್ತುಕೊಂಡರು, ಹದಿನಾಲ್ಕನೇ ನಿಯಮದ ಪ್ರಕಾರ.

ಇನ್ನು ಬರೆಯಬೇಡ. ಬರೆದರೂ ನನ್ನಿಂದ ಉತ್ತರ ಬರುವುದಿಲ್ಲ.


ನವೆಂಬರ್ 21

ಅತ್ತಿಗೆ,

ಬರೆಯಬೇಡ ಎಂದಿದ್ದೀರಿ. ಬರೆದ ಮೂರು ಕಾಗದ ಹರಿದುಹಾಕಿದೆ. ಇದನ್ನು ಕಳಿಸುತ್ತಿದ್ದೇನೆ.

ಏಪ್ರಿಲ್ ನಾಲ್ಕು. ಮಧ್ಯಾಹ್ನ ನಿರ್ದೇಶಕರು ಕರೆದರು. ಮೇಜಿನ ಮೇಲೆ ನನ್ನದೇ ಯೋಜನೆ, ಹೊಸದಾಗಿ ಟೈಪಾಗಿತ್ತು. "ನೂರಿಪ್ಪತ್ತಕ್ಕೆ ಮೇಲಿನವರು ಒಪ್ಪಲ್ಲಮ್ಮ. ನೀವು ಸಹಿ ಹಾಕಿದ್ರೆ ಹಕ್ಕಿಯಾದ್ರೂ ಉಳಿಯುತ್ತೆ. ಇಲ್ಲದಿದ್ರೆ ಬೇರೆಯವರು ಹಾಕ್ತಾರೆ, ಹಕ್ಕೀನೂ ಹೋಗುತ್ತೆ" ಅಂದರು. ಬಯ್ಯಲಿಲ್ಲ, ಹೆದರಿಸಲಿಲ್ಲ. ಒಂದು ಲೋಟ ಕಾಫಿ ತರಿಸಿಕೊಟ್ಟರು. ಕಾಫಿ ಆರುವ ಮೊದಲೇ ಸಹಿ ಹಾಕಿದ್ದೆ. ವರ್ಷದ ನಂತರ ಇಳಿಸಬಹುದು ಎಂದುಕೊಂಡೆ. ಅಣ್ಣ ಹೇಗೂ ಇದ್ದಾನೆ, ನೋಡಿಕೊಳ್ಳುತ್ತಾನೆ ಎಂದೂ ಅಂದುಕೊಂಡೆ. ಅದನ್ನೇ ನೆನೆದರೆ ಈಗ ಮೈ ಉರಿಯುತ್ತದೆ. ಹದಿನಾಲ್ಕನೇ ನಿಯಮ ಹಾಗೇ ಉಳಿದದ್ದನ್ನು ನೋಡಿದ್ದೆ. ಇಪ್ಪತ್ತು ಜನಕ್ಕೆಂದು ಬರೆದ ಮಾತು ಇನ್ನೂರು ಜನರ ಭಾರವಾಗಿ ಅವನ ತಲೆಗೇ ಬೀಳುತ್ತದೆ ಎಂದು ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಒಪ್ಪಿಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಅಣ್ಣ ಆಸೆಗೆ ಬಿದ್ದನೇ ಎಂದು ಕೇಳಿದೆನಲ್ಲ. ಹೌದು ಎಂದು ನೀವು ಹೇಳಿದರೆ ನನಗೆ ನಿದ್ದೆ ಬರುತ್ತಿತ್ತು. ಅದಕ್ಕೇ ಕೇಳಿದ್ದು.

ಅಕ್ಟೋಬರ್ ಒಂಬತ್ತರಂದು ತನಿಖಾಧಿಕಾರಿಯ ಮುಂದೆ ಹೋಗಿ ಮೊದಲಿನ ಕರಡು, ಎರಡನೆಯ ಪ್ರತಿ, ಎಲ್ಲವನ್ನೂ ಕೊಟ್ಟು ಹೇಳಿಕೆ ಬರೆಸಿದೆ. ಈಗ ನೂರಿಪ್ಪತ್ತಕ್ಕೇ ಆದೇಶವಾಗಿದೆ, ಮುಚ್ಚುವ ದಿನಗಳೂ ಸೇರಿವೆ. ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಅದು ಸರಿಯಾದದ್ದೇ. ಆದರೆ ಅಣ್ಣನ ಪರವಾನಗಿ ವಾಪಸ್ ಬರುವುದಿಲ್ಲವಂತೆ. ತಾನೇ ತಪ್ಪೊಪ್ಪಿ ಸಹಿ ಹಾಕಿದ್ದಾನೆ, ಹೇಳಿಕೆ ಹಿಂತೆಗೆದುಕೊಳ್ಳಲು ಅವನೇ ಬರಬೇಕಂತೆ. ಅವನು ಬರುತ್ತಾನಾ?

ಉತ್ತರ ಬೇಡ. ಅವನು ಊಟ ಮಾಡುತ್ತಿದ್ದಾನೆ ಎಂದು ಒಂದು ಕಾರ್ಡಿನಲ್ಲಿ ಬರೆದರೆ ಸಾಕು.


ಮಾರ್ಚ್ 30

ನಿನ್ನ ಕಾಗದಕ್ಕೆ ನಾಲ್ಕು ತಿಂಗಳಾಯಿತು. ಕಾರ್ಡನ್ನೂ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು. ಇವತ್ತು ಬರೆಯಲೇಬೇಕಾಗಿದೆ.

ಹೇಳಿಕೆ ಹಿಂತೆಗೆದುಕೊಳ್ಳಲು ಅವರು ಹೋಗಲಿಲ್ಲ. "ಆ ಮನುಷ್ಯ ಹೋಗಿದ್ದು ನನ್ನ ಕೈಯಿಂದ ತಾನೆ" ಎಂದಷ್ಟೇ ಹೇಳಿ ಎದ್ದುಹೋದರು. ಈಗ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಗಡ್ಡೆಗಳನ್ನು ಕೊಕ್ಕೆಯಿಂದ ಎಳೆದು ಲಾರಿಗೆ ತುಂಬುವುದು. ಸಮುದ್ರ ಕಣ್ಣಿಗೆ ಬೀಳಬಾರದೆಂದು ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಾರೆ, ಅದೇ ದಾರಿಯಲ್ಲಿ ಬರುತ್ತಾರೆ. ಹೊಸ ನಿಯಮ ಬಂದ ಮೇಲೆ ಊರು ತಣ್ಣಗಾಗಿದೆ. ಹಕ್ಕಿಗಳು ಈ ಸಲ ಹೆಚ್ಚು ಬಂದಿವೆಯಂತೆ. ಹೊಸ ಗೈಡೊಬ್ಬ ಮನೆಗೆ ಬಂದು ಖುಷಿಯಿಂದ ಹೇಳಿದ. ಇವರು ಎದ್ದು ಒಳಗೆ ಹೋದರು.

ನಿನ್ನೆ, ಭಾನುವಾರ, ಬಾಗಿಲು ತಟ್ಟಿದ ಸದ್ದಾಯಿತು. ಕೋಲೂರಿಕೊಂಡು ಒಬ್ಬ ಹೆಂಗಸು. ಏಳು ತಿಂಗಳಲ್ಲಿ ಅರ್ಧ ಇಳಿದುಹೋಗಿದ್ದರು, ಆದರೂ ನಾನು ಕೂಡಲೇ ಗುರುತಿಸಿದೆ. ಅಂಚೆಯವರ ಹೆಂಡತಿ. ನಾನು ಬಾಗಿಲು ಹಿಡಿದೇ ನಿಂತೆ. "ಬಯ್ಯೋಕೆ ಬಂದಿಲ್ಲಮ್ಮ. ಕೂರಬಹುದಾ?" ಎಂದರು.

ನಿಮ್ಮಣ್ಣ ಗೋಡೆಗೆ ಒರಗಿ ನಿಂತರು, ಕೂರಲಿಲ್ಲ. ಆಕೆ ನೀರು ಕುಡಿದು, ಲೋಟ ಕೆಳಗಿಟ್ಟು, "ಕೊನೇಲಿ ನಮ್ಮೋರು ಏನಾದ್ರೂ ಅಂದ್ರಾ? ಅಷ್ಟು ತಿಳಿಬೇಕಿತ್ತು" ಎಂದು ಕೇಳಿದರು.

ವಿಚಾರಣೆಯಲ್ಲಿ ಹೇಳದ್ದು, ನನಗೂ ಹೇಳದ್ದು, ಆಗ ಇವರ ಬಾಯಿಂದ ಹೊರಗೆ ಬಂತು. "ಕ್ಯಾಮೆರಾ ತಗೊಳ್ಳಿ ಅಂದ್ರು. ಅವಳಿಗೆ ಫೋಟೊ ತೋರಿಸ್ಬೇಕು, ನೀರಿಗೆ ಬಿದ್ರೆ ಹಾಳಾಗುತ್ತೆ ಅಂತ ಮೊದಲು ಅದನ್ನ ನೀಡಿದ್ರು. ನಾನು ಹಿಡಕೊಂಡೆ ತಾಯಿ. ಯಾಕೆ ಹಿಡಕೊಂಡೆನೋ ಗೊತ್ತಿಲ್ಲ. ಆ ಕೈಯಲ್ಲಿ ಅವರನ್ನ ಹಿಡೀಬೇಕಿತ್ತು. ಅದನ್ನ ಬಿಸಾಕಿ ಕೈ ಚಾಚೋವಷ್ಟರಲ್ಲಿ..." ಎಂದು ನಿಲ್ಲಿಸಿದರು.

ಆಕೆ ಖಾಲಿ ಲೋಟವನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಆಮೇಲೆ, "ಅವರು ಹಾಗೇನೇ. ಮನೆಗೆ ಬೆಂಕಿ ಬಿದ್ರೂ ಮೊದಲು ನನ್ನ ಕನ್ನಡಕ ಹುಡುಕ್ತಿದ್ರು" ಎಂದರು. ಕಣ್ಣೊರೆಸಿಕೊಂಡು, "ಆ ಜಾಗ ನನಗೆ ತೋರಿಸ್ತೀಯಾ?" ಎಂದರು.

ಆಗುವುದಿಲ್ಲ ಎನ್ನುತ್ತಾರೆಂದುಕೊಂಡೆ. ಇವರು ಒಳಗೆ ಹೋಗಿ ಗಳ ತಂದರು. ಹೊರಗೆ ಇಳಿತದ ಹೊತ್ತು. ಆಕೆಯ ಕಾಲಿಗೆ ತಕ್ಕ ಹಾಗೆ, ಹತ್ತು ಹೆಜ್ಜೆಗೊಮ್ಮೆ ನಿಂತು, ಇಬ್ಬರೂ ಹೋದರು. ನಾನು ದಡದಲ್ಲಿ ನಿಂತೆ. ಕೊರಕಲಿನವರೆಗೆ ಹೋಗಲು ಅವರಿಗೆ ಒಂದು ಗಂಟೆ ಹಿಡಿಯಿತು. ಅಲ್ಲಿ ನಿಮ್ಮಣ್ಣ ಕೈ ತೋರಿಸಿದ್ದು ಕಂಡಿತು. ಆಕೆ ಬಾಗಿ ಮರಳು ಮುಟ್ಟಿದ್ದು ಕಂಡಿತು. ಆಮೇಲೆ ಇಬ್ಬರೂ ಅಲುಗಾಡಲಿಲ್ಲ.

ನಾನೂ ಇಷ್ಟು ವರ್ಷ ಈ ದಡದಲ್ಲೇ ಬದುಕಿದವಳು, ನೀರು ತಿರುಗಿದ್ದು ಗೊತ್ತಾಗುತ್ತದೆ. ಮರಳಿನ ಬಣ್ಣ ಮಾಸಿತು. ಇನ್ನು ಹೊರಡಬೇಕು. ನಿಮ್ಮಣ್ಣ ಹೊರಡಲಿಲ್ಲ. ಗಳ ಊರಿಕೊಂಡು ಆಚೆ ಮುಖ ಮಾಡಿ ನಿಂತೇ ಇದ್ದರು. ನಾನು ಕೂಗಿದೆ. ಗಾಳಿ ಎದುರಿಗಿತ್ತು. ಕೊರಕಲಿಗೆ ನೀರು ಬಂದದ್ದು ಬೆಳ್ಳಗೆ ಕಂಡಿತು. ನಾನು ಮರಳಿಗಿಳಿದು ಓಡಿದೆ, ಪಿಟೀಲು. ಓಡುತ್ತ ನಿನ್ನನ್ನು ಶಪಿಸಿದೆ. ಬಾಯಿ ಬಿಟ್ಟು, ಜೋರಾಗಿಯೇ.

ಅರ್ಧ ದಾರಿಯಲ್ಲಿ ನೋಡುತ್ತೇನೆ, ಆಕೆ ಕೋಲನ್ನು ಬಿಟ್ಟು ಅವರ ತೋಳು ಹಿಡಿದು ಜಗ್ಗುತ್ತಿದ್ದಾರೆ. ಅವರು ತಿರುಗಿದರು. ಆಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡರು. ಗಳ ಅಲ್ಲೇ ನಿಂತಿತು. ನನ್ನ ಹತ್ತಿರ ಬರುವಾಗ ಇಬ್ಬರೂ ಮೊಣಕಾಲಿನವರೆಗೆ ಒದ್ದೆ.

ಬಸ್ಸಿಗೆ ಬಿಡಲು ಹೋದಾಗ ಆಕೆ ನನಗೊಬ್ಬಳಿಗೇ ಹೇಳಿದರು. "ನೀರು ಬಂತಪ್ಪ, ನಡಿ ಅಂದೆ. ನೀವು ಹೋಗಿ ಅಂದ. ಅವನ ಮುಖ ನೋಡಿ ನನಗೆ ತಿಳೀತು. ಬುದ್ಧಿ ಹೇಳಿದ್ರೆ ಕೇಳೋ ಮುಖ ಅಲ್ಲ ಅದು. ನನಗೆ ಇನ್ನೊಂದು ಹೆಜ್ಜೆ ಇಡೋಕಾಗಲ್ಲ ಮಗಾ, ನನ್ನನ್ನ ದಡಕ್ಕೆ ಬಿಡು ಅಂದೆ. ಹಾಗಂದ ಮೇಲೆ ಬಗ್ಗಿ ಬೆನ್ನು ಕೊಟ್ಟ. ನೋಡಿಕೊಳ್ಳಮ್ಮ ಅವನನ್ನ. ನಾನು ಇನ್ನೊಂದು ಸಲ ಬರಲಾರೆ."

ಮನೆಗೆ ಬಂದಾಗ ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅಳುತ್ತಿದ್ದರು, ಸದ್ದು ಮಾಡಿ. ಆಗಸ್ಟಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕಾಲೊರೆಸಿದೆ. ಸುಮಾರು ಹೊತ್ತಾದ ಮೇಲೆ, "ಅವಳಿಗೆ ಬರೆದ್ಯಾ?" ಎಂದು ಕೇಳಿದರು. ಅವಳು ಯಾರು ಎಂದು ನಾನು ಕೇಳಲಿಲ್ಲ.

"ಏನಂತ ಬರೀಲಿ?"

"ಊಟ ಮಾಡ್ತಿದೀನಿ ಅಂತ ಬರಿ."

ನಿನ್ನ ಕಾಗದವನ್ನು ಅವರು ಯಾವಾಗ ತೆಗೆದು ಓದಿದರೋ ತಿಳಿಯದು. ಕ್ಷಮಿಸಿದ್ದಾರೋ ಇಲ್ಲವೋ ಹೇಳಲಾರೆ, ಕೇಳುವ ಧೈರ್ಯ ನನಗಿಲ್ಲ. ನಾನಂತೂ ಇನ್ನೂ ಕ್ಷಮಿಸಿಲ್ಲ. ಕಾರ್ಖಾನೆಗೆ ಹೋಗುವಾಗ ಬರುವಾಗ ಅವರ ಮೇಲೆ ಕಣ್ಣಿಡುವುದು ನನ್ನೊಬ್ಬಳಿಂದ ಆಗುವುದಿಲ್ಲ. ನನಗೂ ಹಗಲು ಹೊಲಿಗೆ ಕೆಲಸವಿರುತ್ತದೆ. ಬರುವುದಾದರೆ ಬಾ. ಹೊರಗಿನ ಕೋಣೆಯಲ್ಲಿ ಮಲಗು. ನನ್ನ ಹತ್ತಿರ ಮಾತಾಡಬೇಕೆಂದೇನೂ ಇಲ್ಲ. ಬೆಳಿಗ್ಗೆ ಅವರು ಹಿಂದಿನ ಗಲ್ಲಿಯಿಂದ ಹೋಗುವಾಗ ಜೊತೆಗೆ ನಡೆ, ಸಂಜೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿರು. ಅಷ್ಟು ಮಾಡು.

ಅತ್ತಿಗೆ